ಬೀಳುವ ಸ್ವಿಚ್ಚು ನಮ್ಮ ಕಾವಲುಗಾರ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ತರಗತಿಯವರೆಗೆ ಓದಿದವನು. ಭಾಷಣ ಮಾಡುವುದಕ್ಕಿಂತ ಟೇಬಲ್ ಒರೆಸುವುದೇ ನನಗೆ ಹೆಚ್ಚು ಅಭ್ಯಾಸ. ಈ ಸಭೆಯಲ್ಲಿ ನಾವು ಸಂಬಳದ ವಿಷಯ, ರಜೆಯ ವಿಷಯ, ಪ್ರಾವಿಡೆಂಟ್ ಫಂಡಿನ ವಿಷಯ ಹಲವು ಸಲ ಮಾತನಾಡಿದ್ದೇವೆ. ಇಂದು ಅಧ್ಯಕ್ಷರ ಅಪ್ಪಣೆ ಪಡೆದು ಬೇರೆ ವಿಷಯವೊಂದನ್ನು ಎತ್ತುತ್ತೇನೆ. ಅದು ನಮ್ಮ ಖೋಲಿಯ ಗೋಡೆಯ ಮೇಲಿರುವ ಕರೆಂಟಿನ ಬೋರ್ಡು.

ಸಂಘದ ಕೆಲಸಕ್ಕೆಂದು ಖೋಲಿಯಿಂದ ಖೋಲಿಗೆ ಹೋಗುವಾಗ ಒಂದೇ ದೂರು ಕೇಳುತ್ತೇನೆ. "ಸ್ವಿಚ್ಚು ಪದೇ ಪದೇ ಬೀಳುತ್ತದೆ, ಅಣ್ಣಾ. ಎತ್ತಿದರೆ ಮತ್ತೆ ಬೀಳುತ್ತದೆ. ಇದಕ್ಕೊಂದು ಉಪಾಯ ಹೇಳಿ." ಉಪಾಯವೆಂದರೆ ಅವರ ಮನಸ್ಸಿನಲ್ಲಿರುವುದು ಒಂದೇ: ಬೀಳದ ಹಾಗೆ ಮಾಡುವುದು. ನನಗೂ ಒಂದು ಕಾಲದಲ್ಲಿ ಇದ್ದದ್ದು ಅದೇ ಬುದ್ಧಿ. ಅದರ ಫಲ ಏನಾಯಿತೆಂಬುದನ್ನು ಮೊದಲು ಹೇಳುತ್ತೇನೆ.

2009ನೆಯ ಇಸವಿ. ಹದಿನೆಂಟರ ಹುಡುಗನಾಗಿದ್ದ ನಾನು ಈ ಮುಂಬಯಿಯ ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿದ್ದೆ. ಹೋಟೆಲಿನ ಹೆಸರು ಬೇಡ. ರಾತ್ರಿ ಗಿರಾಕಿಗಳು ಹೋದ ಮೇಲೆ ಹಿಟ್ಟು ರುಬ್ಬುವ ಯಂತ್ರ ತಿರುಗಲಾರಂಭಿಸುತ್ತಿತ್ತು. ಅದೇ ಲೈನಿನಲ್ಲಿ ಡೀಪ್ ಫ್ರೀಜರು, ಅದೇ ಲೈನಿನಲ್ಲಿ ಪಾತ್ರೆ ತೊಳೆಯುವ ನೀರಿಗೆ ಗೀಸರು. ಮೂರೂ ಕೂಡಿದರೆ ಸಾಕು, ಬೋರ್ಡಿನ ಎಂ.ಸಿ.ಬಿ. ಸ್ವಿಚ್ಚು ಟಪ್ಪೆಂದು ಬೀಳುತ್ತಿತ್ತು. ಅದು 16 ಆಂಪಿಯರಿನದು. ಒಂದು ರಾತ್ರಿ ಮ್ಯಾನೇಜರಿಗೆ ಸಿಟ್ಟು ಬಂದು, "ದಿನವೂ ಇದೇ ಪೀಡೆ. ಹೋಗು, ದೊಡ್ಡದು ತೆಗೆದುಕೊಂಡು ಬಾ" ಎಂದರು.

ಮರುದಿನ ಅಂಗಡಿಗೆ ಹೋಗಿ 32 ಆಂಪಿಯರಿನದು ಕೇಳಿದೆ. ಅಂಗಡಿಯ ಮುದುಕ, "ನಿಮ್ಮಲ್ಲಿ ವಯರು ಎಷ್ಟು ದಪ್ಪದ್ದು?" ಎಂದು ವಿಚಾರಿಸಿದ. "ಅದೆಲ್ಲ ನನಗೆ ಗೊತ್ತಿಲ್ಲ, ಮಾಲೀಕರು ಹೇಳಿದ್ದು 32" ಎಂದೆ. ತಂದು ಹಾಕಿಸಿದೆವು. ಸ್ವಿಚ್ಚು ಬೀಳುವುದು ನಿಂತಿತು. ಎಲ್ಲರಿಗೂ ಸಂತೋಷ. ಮ್ಯಾನೇಜರು ನನ್ನ ಬೆನ್ನು ತಟ್ಟಿದರು.

ಎರಡು ತಿಂಗಳು ಕಳೆಯಿತು. ನಾವು ಮಲಗುತ್ತಿದ್ದುದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಆ ಲೈನಿನ ವಯರು ಅಟ್ಟದ ಗೋಡೆಯನ್ನು ಹಿಡಿದೇ ಹೋಗಿತ್ತು. ಒಂದು ಬೆಳಗಿನ ಜಾವ ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಎಚ್ಚರವಾಯಿತು. ಕಣ್ಣು ಬಿಡುವಷ್ಟರಲ್ಲಿ ಗೋಡೆಯ ಬದಿಗೆ ಮಲಗಿದ್ದ ಹುಡುಗನ ಹಾಸಿಗೆಗೆ ಬೆಂಕಿ ತಗುಲಿತ್ತು. ಕುಂದಾಪುರದ ಕಡೆಯ ಹುಡುಗ, ನನಗಿಂತ ಚಿಕ್ಕವನು. ಜೀವ ಉಳಿಯಿತು. ಆದರೆ ಬಲ ಭುಜ, ಬಲಗೈ ಸುಟ್ಟು ಚರ್ಮ ಎಳೆದುಕೊಂಡಿತು. ಆ ಕೈಯಲ್ಲಿ ಅವನು ಇನ್ನು ಟ್ರೇ ಎತ್ತುವಂತಿರಲಿಲ್ಲ. ಊರಿಗೆ ಹೋದ.

ಏನಾಯಿತೆಂದು ಕೇಳಿದವರಿಗೆಲ್ಲ ಹೋಟೆಲಿನವರು ಹೇಳಿದ್ದು ಎರಡೇ ಶಬ್ದ: "ಶಾರ್ಟ್ ಸರ್ಕ್ಯೂಟ್." ಬಂಧುಗಳೇ, ಈ ಎರಡು ಶಬ್ದಗಳಿಗೆ ನಮ್ಮಲ್ಲಿ "ಯಾರ ತಪ್ಪೂ ಅಲ್ಲ" ಎಂಬ ಅರ್ಥ ಬಂದುಬಿಟ್ಟಿದೆ. ತಪ್ಪು ಇತ್ತು. ಮ್ಯಾನೇಜರ ಹುಕುಮಿನಲ್ಲಿತ್ತು, ಅಂಗಡಿಯ ಮುದುಕನ ಪ್ರಶ್ನೆಗೆ ನಾನು ಕೊಟ್ಟ ಉತ್ತರದಲ್ಲಿಯೂ ಇತ್ತು. ಅದಕ್ಕಾಗಿಯೇ ಇಂದು ಈ ವಿಷಯ ಎತ್ತಿದ್ದೇನೆ.

ಆ ಸ್ವಿಚ್ಚು ಬೀಳುವುದೇಕೆ? ಇದನ್ನು ನನಗೆ ತಿಳಿಸಿಕೊಟ್ಟವರು ಗಿರಣಿಯೊಂದರಲ್ಲಿ ವಯರ್‌ಮನ್ ಆಗಿದ್ದು, 1982ರ ಮುಷ್ಕರದ ತರುವಾಯ ಕೆಲಸ ಕಳೆದುಕೊಂಡ ನಮ್ಮ ಹಿರಿಯರೊಬ್ಬರು. ಅವರು ಹೇಳಿದ್ದು ಹೀಗೆ: "ತಮ್ಮಾ, ಮಗ್ಗದಲ್ಲಿ ಹೊಕ್ಕಿನ ನೂಲು ಕಡಿದರೆ ಮಗ್ಗ ತಾನಾಗಿ ನಿಲ್ಲುವ ಏರ್ಪಾಡಿದೆ. ನೇಕಾರ ಮಗ್ಗಕ್ಕೆ ಬೈಯುವುದಿಲ್ಲ, ಕಡಿದ ನೂಲು ಹುಡುಕುತ್ತಾನೆ. ಸ್ವಿಚ್ಚೂ ಹಾಗೆಯೇ. ಬಿದ್ದಿತೆಂದರೆ ಎಲ್ಲೋ ನೂಲು ಕಡಿದಿದೆ."

ವಯರನ್ನು ನಮ್ಮ ಸಪ್ಲೈಯರ್ ಎಂದು ತಿಳಿಯಿರಿ. ನಾಲ್ಕು ಪ್ಲೇಟು ಹೊರುವವನ ಕೈಗೆ ಎಂಟು ಹೇರಿದರೆ ಸ್ವಲ್ಪ ದೂರ ನಡೆದಾನು, ಆಮೇಲೆ ಎಲ್ಲವೂ ನೆಲಕ್ಕೆ. ವಯರಿಗೆ ಹೊರೆ ಮಿಕ್ಕಿದರೆ ಅದು ಬಿಸಿಯಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಕರಗುತ್ತದೆ, ಕೊನೆಗೆ ಹತ್ತಿಕೊಳ್ಳುತ್ತದೆ. ಅದಕ್ಕೆ ಮುಂಚೆಯೇ ಕರೆಂಟು ಕಡಿಯುವುದು ಎಂ.ಸಿ.ಬಿ.ಯ ಕೆಲಸ. ಅದರೊಳಗೆ ಎರಡು ಬಗೆಯ ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತದೆ. ಹೊರೆ ಹೆಚ್ಚಿದರೆ ಅದು ಕಾದು ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಇನ್ನೊಂದು ತಂತಿಯ ಸುರುಳಿ. ಶಾರ್ಟ್ ಆದರೆ ಅದು ಅಯಸ್ಕಾಂತವಾಗಿ ಕ್ಷಣದಲ್ಲಿ ಬೀಳಿಸುತ್ತದೆ.

ಈಗ ಸ್ವಲ್ಪ ಲೆಕ್ಕ. ಗಲ್ಲದ ಲೆಕ್ಕಕ್ಕಿಂತ ಇದು ಸುಲಭ. ನಮ್ಮ ಮನೆಯ ಕರೆಂಟು 230 ವೋಲ್ಟ್. ಸಾಮಾನಿನ ಮೇಲೆ ಬರೆದಿರುವ ವಾಟ್ಸನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ನೀರು ಕಾಯಿಸುವ 1500 ವಾಟ್ಸಿನ ರಾಡು ಆರೂವರೆ ಆಂಪಿಯರ್ ಎಳೆಯುತ್ತದೆ. 2000 ವಾಟ್ಸಿನ ಇಂಡಕ್ಷನ್ ಒಲೆ ಹತ್ತಿರ ಹತ್ತಿರ ಒಂಬತ್ತು. ಎರಡೂ ಒಟ್ಟಿಗೆ ಹದಿನೈದಕ್ಕೂ ಮೇಲೆ. ಖೋಲಿಯ ಸ್ವಿಚ್ಚು 10 ಆಂಪಿಯರಿನದಾದರೆ ಬೀಳದೆ ಏನು ಮಾಡೀತು? ಫ್ಯಾನು ಸುಮಾರು 75 ವಾಟ್ಸು. ಒಂದು ರಾಡು ಇಪ್ಪತ್ತು ಫ್ಯಾನಿಗೆ ಸಮ. ಆದುದರಿಂದ ಬಲ್ಬು, ಫ್ಯಾನು ಆರಿಸಿ ಫಲವಿಲ್ಲ. ಕಾಯಿಸುವ ಸಾಮಾನುಗಳನ್ನು, ಎಂದರೆ ರಾಡು, ಒಲೆ, ಕೆಟಲು, ಇಸ್ತ್ರಿಪೆಟ್ಟಿಗೆಗಳನ್ನು ಒಂದಾದ ಮೇಲೆ ಒಂದು ಉಪಯೋಗಿಸಬೇಕು. ಹತ್ತು ಜನರಿರುವ ಖೋಲಿಯಲ್ಲಿ ಸ್ನಾನಕ್ಕೆ ಪಾಳಿ ಇದೆಯಷ್ಟೆ? ರಾಡಿಗೂ ಒಲೆಗೂ ಅದೇ ರೀತಿ ಪಾಳಿ ಗೊತ್ತುಮಾಡಿ.

ಬೀಳುವ ರೀತಿಯಿಂದಲೇ ಕಾರಣ ತಿಳಿಯಬಹುದು. ಕೆಲವು ನಿಮಿಷ ನಡೆದು ಆಮೇಲೆ ಬಿದ್ದರೆ ಅದು ಹೆಚ್ಚಾಗಿ ಹೊರೆ. ಎತ್ತಿದ ಕ್ಷಣವೇ ಬಿದ್ದರೆ ಶಾರ್ಟ್. ಯಾವುದೋ ಸಾಮಾನಿನಲ್ಲಿಯೋ ವಯರಿನಲ್ಲಿಯೋ ಎರಡು ತಂತಿ ಕೂಡಿವೆ. ಹೊರೆ ಕಡಿಮೆ ಇದ್ದರೂ ಬೀಳುತ್ತಿದ್ದು, ಸ್ವಿಚ್ಚು ಮುಟ್ಟಿದರೆ ಬಿಸಿಯಾಗಿದ್ದರೆ, ಗುಂಯ್ ಎಂದು ಸದ್ದು ಬರುತ್ತಿದ್ದರೆ, ಒಳಗಿನ ಸ್ಕ್ರೂ ಸಡಿಲಾಗಿರಬಹುದು, ಇಲ್ಲವೆ ಸ್ವಿಚ್ಚೇ ಸವೆದಿರಬಹುದು.

ಪತ್ತೆ ಮಾಡುವ ಕ್ರಮ ಹೀಗೆ. ಕೈ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ. ಎಲ್ಲ ಸ್ವಿಚ್ಚು ಆರಿಸಿ, ಎಲ್ಲ ಪ್ಲಗ್ಗು ಕಿತ್ತಿಡಿ. ಎರಡು ಮೂರು ನಿಮಿಷ ಎಂ.ಸಿ.ಬಿ. ಆರಲಿ. ಬಳಿಕ ಅದನ್ನು ಪೂರ್ತಿ ಕೆಳಗೆ ಒತ್ತಿ ಮೇಲಕ್ಕೆ ಎತ್ತಿ. ಏನೂ ಇಲ್ಲದೆಯೂ ಬಿದ್ದರೆ ದೋಷ ಗೋಡೆಯ ವಯರಿನಲ್ಲಿದೆ ಅಥವಾ ಬೋರ್ಡಿನಲ್ಲಿದೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು, ವಯರ್‌ಮನ್ ಬರಬೇಕು. ನಿಂತರೆ ಒಂದೊಂದೇ ಸಾಮಾನು ಹಚ್ಚುತ್ತ ಬನ್ನಿ. ಯಾವುದನ್ನು ಹಚ್ಚಿದಾಗ ಬೀಳುತ್ತದೆಯೋ ಅದನ್ನು ಬದಿಗಿಡಿ, ದುರಸ್ತಿಯಾಗುವವರೆಗೆ ಮುಟ್ಟಬೇಡಿ. ಒಂದು ಸಲ ಎತ್ತಿ ನೋಡುವುದು ಸರಿ. ಮತ್ತೆ ಮತ್ತೆ ಎತ್ತುತ್ತ ಕೂಡುವುದು ಬೆಂಕಿಯೊಡನೆ ಜಗಳ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಜೂನಿನಿಂದ ಮುಂಬಯಿಯ ಗೋಡೆಗಳು ನೀರು ಕುಡಿಯುತ್ತವೆ, ಕರೆಂಟು ಸೋರುತ್ತದೆ. ಈ ಸೋರಿಕೆಯನ್ನು ಎಂ.ಸಿ.ಬಿ. ಕಂಡುಹಿಡಿಯುವುದಿಲ್ಲ. ಅದು ವಯರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಆರ್.ಸಿ.ಸಿ.ಬಿ. ಎಂಬ ಅಗಲವಾದ ಇನ್ನೊಂದು ಸ್ವಿಚ್ಚು. ಅದರ ಮೇಲೆ ಇಂಗ್ಲಿಷಿನ ಟಿ ಅಕ್ಷರದ ಸಣ್ಣ ಗುಂಡಿ ಇರುತ್ತದೆ. ಮನೆಗಳಿಗೆ ಹಾಕುವುದು 30 ಮಿಲಿ ಆಂಪಿಯರಿನದು, ಎಂದರೆ ಒಂದು ಆಂಪಿಯರಿನ ಸಾವಿರದಲ್ಲಿ ಮೂವತ್ತು ಪಾಲು ಸೋರಿದರೂ ಬೀಳುತ್ತದೆ. ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ ನೋಡಿ. ಬೀಳದಿದ್ದರೆ ಅದು ಕೆಟ್ಟಿದೆ. ಆದರೆ ಅದು ಇದೆಯೆಂದು ಧೈರ್ಯ ಬೇಡ. ರಾಡಿನ ಪ್ಲಗ್ಗು ಕೀಳದೆ ಬಕೆಟ್ಟಿನ ನೀರಿಗೆ ಬೆರಳು ಅದ್ದಬೇಡಿ. ರಾಡಿಗೆ ಲೋಹದ ಬಕೆಟ್ಟು ಬೇಡವೇ ಬೇಡ.

ಮಾಡಬಾರದ್ದು ಮೂರು. ಒಂದು, ವಯರು ನೋಡದೆ ದೊಡ್ಡ ಸ್ವಿಚ್ಚು ಹಾಕುವುದು. ಅಂಗಡಿಯವರು ಒಂದೂವರೆ, ಎರಡೂವರೆ, ನಾಲ್ಕು ಎನ್ನುವುದು ವಯರಿನ ದಪ್ಪವನ್ನು. ಬಲ್ಬು, ಫ್ಯಾನಿಗೆ ಸಾಮಾನ್ಯವಾಗಿ ಒಂದೂವರೆ, 16 ಆಂಪಿಯರಿನ ಪ್ಲಗ್ಗಿಗೆ ಎರಡೂವರೆ. ಸ್ವಿಚ್ಚು ಹಿರಿದಾಗಬೇಕಾದರೆ ಮೊದಲು ವಯರು ಹಿರಿದಾಗಬೇಕು. ಎರಡು, ಹಳೆಯ ಚಾಳುಗಳಲ್ಲಿ ಇನ್ನೂ ಉಳಿದಿರುವ ಪಿಂಗಾಣಿ ಫ್ಯೂಸಿಗೆ ಫ್ಯೂಸ್ ತಂತಿಯ ಬದಲು ತಾಮ್ರದ ಎಳೆಗಳನ್ನು ಸುತ್ತುವುದು. ಮೂರು, ಎಂ.ಸಿ.ಬಿ.ಯನ್ನು ಬಿಟ್ಟು ನೇರವಾಗಿ ವಯರು ಜೋಡಿಸುವುದು. ಕೆಲವರು ಸ್ವಿಚ್ಚಿನ ಕಿವಿಗೆ ದಾರ ಕಟ್ಟುತ್ತಾರೆ. ಅದರಿಂದ ಏನೂ ಆಗದು. ಕಿವಿ ಮೇಲಿದ್ದರೂ ಒಳಗೆ ಅದು ಕಡಿದುಕೊಳ್ಳುತ್ತದೆ. ಕಾವಲುಗಾರನ ಕೈ ಕಟ್ಟಿದರೂ ಅವನು ಕೂಗಿಯೇ ಕೂಗುತ್ತಾನೆ. ಅವನನ್ನೇ ಬಾಗಿಲಿಂದ ಓಡಿಸಿದರೆ ಕೂಗುವವರು ಯಾರು?

ಇನ್ನು, ಯಾರನ್ನು ಕೇಳಬೇಕು? ಮೀಟರಿನವರೆಗಿನ ಲೈನು ಕರೆಂಟು ಕೊಡುವವರದು: ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗೆ ಬೆಸ್ಟ್, ಉಪನಗರಗಳಲ್ಲಿ ಅದಾನಿ ಅಥವಾ ಟಾಟಾ, ಮುಲುಂಡ್ ಭಾಂಡುಪ್ ಕಡೆಗೆ ಮಹಾವಿತರಣ. ಮೀಟರಿನಿಂದ ಈಚೆಗಿನದು ಮನೆಯ, ಹೋಟೆಲಿನ ಮಾಲೀಕರ ಜವಾಬ್ದಾರಿ. ಕೆಲಸ ಲೈಸೆನ್ಸ್ ಇರುವ ವಯರ್‌ಮನ್ನನಿಂದಲೇ ಆಗಬೇಕು, ನನ್ನಂಥ ಕ್ಲೀನರ್ ಹುಡುಗನಿಂದಲ್ಲ.

"ಮಾಲೀಕರನ್ನು ಕೇಳಿದರೆ ಖೋಲಿ ಬಿಡು ಎನ್ನುತ್ತಾರೆ" ಎಂದು ನೀವು ಹೇಳುವಿರಿ. ಒಬ್ಬನೇ ಕೇಳಿದರೆ ಹಾಗೆ ಹೇಳಿಯಾರು. ಅದಕ್ಕಾಗಿಯೇ ಸಂಘವಿರುವುದು. ಖೋಲಿಯವರೆಲ್ಲ ಸೇರಿ ಒಂದು ಕಾಗದದಲ್ಲಿ ಬರೆಯಿರಿ: ಯಾವ ತಾರೀಕು, ಎಷ್ಟು ಗಂಟೆಗೆ, ಏನು ಹಚ್ಚಿದಾಗ ಸ್ವಿಚ್ಚು ಬಿತ್ತು. ಎಲ್ಲರೂ ಸಹಿ ಹಾಕಿ ಸಂಘದ ಆಫೀಸಿಗೆ ತನ್ನಿ. ಆ ಕಾಗದ ಹಿಡಿದು ನಾವು ನಿಮ್ಮೊಡನೆ ಬರುತ್ತೇವೆ. ಬರೆದು ಕೊಟ್ಟ ಮೇಲೆ "ಶಾರ್ಟ್ ಸರ್ಕ್ಯೂಟ್, ಯಾರೇನು ಮಾಡಲಾದೀತು" ಎಂದು ಹೇಳುವುದು ಯಾರಿಗೂ ಸುಲಭವಲ್ಲ.

ವಯರಿಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ಮೇನ್ ಸ್ವಿಚ್ಚು ಕೈಗೆಟುಕಿದರೆ ಆರಿಸಿ, ಮಲಗಿದವರನ್ನು ಎಬ್ಬಿಸಿ ಹೊರಗೆ ಬನ್ನಿ, 101ಕ್ಕೆ ಫೋನು ಮಾಡಿ. ಟ್ರಂಕು, ಗಂಟು ಹುಡುಕುತ್ತ ನಿಲ್ಲಬೇಡಿ.

ಇಂದು ರಾತ್ರಿ ಖೋಲಿಗೆ ಹೋದಾಗ ಒಂದು ಕೆಲಸ ಮಾಡಿ. ಬೋರ್ಡಿನ ಎದುರು ನಿಂತು ಎಂ.ಸಿ.ಬಿ.ಯ ಮೇಲೆ ಬರೆದ ಅಂಕಿ ಓದಿ. ಆಮೇಲೆ ನಿಮ್ಮ ರಾಡು, ಒಲೆಗಳ ಮೇಲಿನ ಅಂಕಿ ಓದಿ ಕೂಡಿಸಿ. ಗೋಡೆಯ ಬದಿಗೆ, ವಯರಿನ ಕೆಳಗೆ ಮಲಗುವವನು ಯಾರೆಂದೂ ನೋಡಿ. ಸಾಮಾನ್ಯವಾಗಿ ಅವನು ಎಲ್ಲರಿಗಿಂತ ಚಿಕ್ಕವನು, ಊರಿನಿಂದ ಹೊಸದಾಗಿ ಬಂದವನು. ಒಳ್ಳೆಯ ಜಾಗವೆಲ್ಲ ಹಿರಿಯರು ಹಿಡಿದ ಮೇಲೆ ಉಳಿದದ್ದು ಅವನಿಗೆ ಸಿಕ್ಕಿರುತ್ತದೆ. ಮುಂದಿನ ಸಲ ಸ್ವಿಚ್ಚು ಬಿದ್ದಾಗ ಬೈಯುವ ಮುಂಚೆ ಅವನನ್ನು ನೆನೆಯಿರಿ.