ಸ್ಪೇನಿನ ಗಡಿಯಾರ

ಸ್ಪೇನ್ ಪ್ರವಾಸಕ್ಕೆ ಹೊರಟವರಿಗೆ ನನ್ನದೊಂದೇ ಕಿವಿಮಾತು: ಅಲ್ಲಿನ ಗಡಿಯಾರಕ್ಕೆ ಹೊಂದಿಕೊಳ್ಳಿ.

ಅಲ್ಲಿ ಮಧ್ಯಾಹ್ನದ ಊಟ 2ರ ಮೇಲೆ, ರಾತ್ರಿಯದು 9ರ ಮೇಲೆ. ಸಂಜೆ 7ಕ್ಕೆ ಹಸಿದರೆ ಎಷ್ಟೋ ಹೋಟೆಲುಗಳಲ್ಲಿ ಒಲೆಯೇ ಹೊತ್ತಿರುವುದಿಲ್ಲ. ಸಸ್ಯಾಹಾರಿಯಾದ ನನ್ನನ್ನು ಕಾಪಾಡಿದ್ದು ಟೊಮ್ಯಾಟೊ ಉಜ್ಜಿದ ಬ್ರೆಡ್ಡು, ತಣ್ಣನೆಯ ಗಾಸ್ಪಾಚೊ ಸೂಪು, ವೆಲೆನ್ಸಿಯಾದಲ್ಲಿ ಪುಟ್ಟ ಗಡ್ಡೆಗಳಿಂದ ಮಾಡುವ ಹಾಲಿನಂಥ ಓರ್ಚಾತಾ. ‘ಮಾಂಸ ಬೇಡ’ ಎಂದರೆ ಸಾಲದು, ‘ಹಾಮೋನ್ ಬೇಡ’ ಎಂದೂ ಹೇಳಿ, ಅದು ಹಂದಿಮಾಂಸ.

ಗ್ರನಾಡಾದ ಅಲ್‌ಹಂಬ್ರಾದಲ್ಲಿ ನಾಸ್ರಿದ್ ಅರಮನೆಗಳಿಗೆ ಟಿಕೆಟ್ಟಿನಲ್ಲಿ ನಮೂದಾದ ಸಮಯಕ್ಕೇ ಪ್ರವೇಶ. ನಾವು ಕಾಫಿ ಕುಡಿಯುತ್ತಾ ತಡಮಾಡಿದೆವು, ಒಳಗೆ ಬಿಡಲಿಲ್ಲ. ಇಪ್ಪತ್ತು ವರ್ಷ ಕನಸು ಕಂಡ ಸಿಂಹಗಳ ಅಂಗಳ ನೋಡಲಾಗದೆ, ಹೆನೆರಾಲಿಫೆ ತೋಟದ ಕಾರಂಜಿಗಳೆದುರು ಕೂತು ಕಣ್ಣೊರೆಸಿಕೊಂಡೆ. ತಪ್ಪು ನನ್ನದೇ.

ನೀವು ಮುಂಚೆಯೇ ಹೋಗಿ, ಕಣ್ತುಂಬ ನೋಡಿ. ಬಂದಮೇಲೆ ನನಗೂ ಹೇಳಿ.