ನಾಸಿಕದ ದಾದಾಸಾಹೇಬರು

1930ನೆಯ ಮಾರ್ಚ್ 2ರಂದು, ನಾಸಿಕದ ಕಾಳಾರಾಮ ಮಂದಿರದ ಬಾಗಿಲುಗಳೆಲ್ಲ ಮುಚ್ಚಿದ್ದಾಗ, ಪಂಚವಟಿಯ ಬೀದಿಗಳಲ್ಲಿ ಸಹಸ್ರಾರು ದಲಿತ ಸ್ತ್ರೀಪುರುಷರು ದರ್ಶನಾಕಾಂಕ್ಷಿಗಳಾಗಿ ಶಾಂತಚಿತ್ತದಿಂದ ನಡೆದುಬಂದರು. ಅಂಬೇಡ್ಕರರು ಆರಂಭಿಸಿ, ವರ್ಷಾನುವರ್ಷ ಮುಂದುವರಿದ ಆ ಮಂದಿರಪ್ರವೇಶ ಸತ್ಯಾಗ್ರಹದ ದೈನಂದಿನ ಭಾರವನ್ನು ಹೊತ್ತವರು ದಾದಾಸಾಹೇಬ ಗಾಯಕವಾಡರು. ಇಂಥವರ ನಾಮಧೇಯವೇ ನಮ್ಮಲ್ಲಿ ಅಪರಿಚಿತವಾಗಿರುವುದು ನನಗೆ ವ್ಯಥೆಯ ಸಂಗತಿ. ಅಷ್ಟಾದರೂ ಮಂದಿರದ ಬಾಗಿಲು ತೆರೆಯಲಿಲ್ಲ. 1935ರಲ್ಲಿ ಅದೇ ಜಿಲ್ಲೆಯ ಯೇವಲೆಯಲ್ಲಿ, ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಘೋಷಿಸಿದ ಅಂಬೇಡ್ಕರರು, 1950ರಲ್ಲಿ ಔರಂಗಾಬಾದಿನಲ್ಲಿ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಮುಂದೆ ಮಿಲಿಂದ ಎಂದು ಹೆಸರಾದ ಮಹಾವಿದ್ಯಾಲಯವನ್ನು ಸ್ಥಾಪಿಸಿ, ಗುಡಿಯ ಹೊರಗುಳಿದವರ ಮಕ್ಕಳಿಗೆ ವಿದ್ಯಾಮಂದಿರದ ದ್ವಾರವನ್ನು ತೆರೆದರು. ಗಾಯಕವಾಡರಾದರೋ, 1957ರಲ್ಲಿ ನಾಸಿಕದಿಂದ ಲೋಕಸಭೆಗೆ ಚುನಾಯಿತರಾದ ಮೇಲೂ ಚಳವಳಿಯನ್ನು ತೊರೆಯದೆ, ಉಳುವ ಕೈಗಳಿಗೆ ಒಂದಿಷ್ಟು ನೆಲ ದೊರೆಯಲೇಬೇಕೆಂದು, 1959ರಲ್ಲಿ ಭೂಹೀನರೊಡನೆ ಮತ್ತೆ ಸತ್ಯಾಗ್ರಹಕ್ಕಿಳಿದರು.