ತೊಲೆಯ ಸಂದು ಎಲ್ಲಿದೆ, ನೋಡಿರಿ
(ಪುಣೆಯ ಹೋಟೆಲು ಮತ್ತು ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸುಗಳ ಮಾತನ್ನು ಈ ಹೊತ್ತು ಬದಿಗಿಟ್ಟು, ನಾವು ಮಲಗುವ ಅಟ್ಟದ ಮಾತನ್ನು ಎತ್ತಿಕೊಂಡಿದ್ದೇವೆ. ದುಡಿದು ದಣಿದ ಮೇಲೆ ಒಲೆಯ ನೆತ್ತಿಯ ಮೇಲಿನ ಅಟ್ಟದಲ್ಲೇ ಹಾಸಿಗೆ ಬಿಚ್ಚುವವರು ನಮ್ಮಲ್ಲಿ ಅನೇಕರು. ಅದನ್ನು ಹೊತ್ತಿರುವ ತೊಲೆ ಎಂಥದೆಂದು ಕತ್ತೆತ್ತಿ ನೋಡಿದವರು ಕಡಿಮೆ. ನಾವು ದುಡಿದ ಒಂದು ಹೋಟೆಲಿನಲ್ಲಿ, ನಾಲ್ಕು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಅಲ್ಲೊಂದು ಇಲ್ಲೊಂದು ಮೊಳೆ ಹೊಡೆದದ್ದೇ ತೊಲೆ! ಅದರ ಮೇಲೆ ಎಂಟು ಜನ, ಜೊತೆಗೆ ಅಕ್ಕಿಯ ಮೂಟೆಗಳು.

ಹಲಗೆ ಕೂಡಿಸಿ ತೊಲೆ ಮಾಡುವುದು ತಪ್ಪೆಂದಲ್ಲ. ಜರ್ಮನಿಯ ವೈಮಾರ್ ಊರಿನ ಬಡಗಿ ಆಟೊ ಹೆಟ್ಸರ್ 1906ರಲ್ಲಿಯೇ ಹಲಗೆಗಳನ್ನು ಅಂಟಿನಿಂದ ಬೆಸೆದು ಬಾಗಿದ ತೊಲೆ ಮಾಡುವುದಕ್ಕೆ ಪೇಟೆಂಟು ಪಡೆದ. ಅಂಥ ತೊಲೆಗಳು ಇಂದು ದೊಡ್ಡ ದೊಡ್ಡ ಸಭಾಗೃಹಗಳ ಛಾವಣಿಯನ್ನೇ ಹೊರುತ್ತವೆ. ಆದರೆ ಅಂಟು ಬೇಕು, ಸಂದು ಸರಿಯಿರಬೇಕು. ನಾಲ್ಕು ಸಮ ಹಲಗೆಗಳು ಬೆಸೆಯದೆ ಸಡಿಲವಾಗಿದ್ದರೆ ಬಲ ಕಾಲುಭಾಗಕ್ಕಿಳಿಯುತ್ತದೆ, ಬಾಗುವುದು ಹದಿನಾರು ಪಟ್ಟಾಗುತ್ತದೆ. ಮೊಳೆ ಸ್ವಲ್ಪ ತಡೆಯುತ್ತದೆ, ಬೆಸೆಯುವುದಿಲ್ಲ.

ಇನ್ನು ಸಂದಿನ ಮಾತು. ಭಾರ ಬಿದ್ದಾಗ ತೊಲೆಯ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗಿ ಎಳೆಯಲ್ಪಡುತ್ತದೆ. ನಟ್ಟನಡುವೆ ಈ ಎಳೆತ ಹೆಚ್ಚು. ಉದ್ದ ಸಾಲದ ಹಲಗೆಗಳನ್ನು ತುದಿಗೆ ತುದಿ ಮುಟ್ಟಿಸಿ ಅಂಟಿಸಿದರೆ, ಆ ಸಂದು ಎಳೆತವನ್ನು ತಡೆಯದು. ತುದಿಯ ಅಡ್ಡಗೊಯ್ತ ಅಂಟನ್ನು ಹಿಡಿಯುವುದಿಲ್ಲ. ಅಲ್ಲಿ ಆ ಹಲಗೆ ಇಲ್ಲವೆಂದೇ ಲೆಕ್ಕ, ಅದರ ಪಾಲಿನ ಭಾರ ಮೇಲಿನ ಹಲಗೆಯ ಮೇಲೆ ಬೀಳುತ್ತದೆ.

ನೂಲುವ ಖಾತೆಯಲ್ಲಿ ದುಡಿದವರಿಗೆ ಇದು ಹೊಸದಲ್ಲ. ಹರಿದ ನೂಲನ್ನು ತುದಿಗೆ ತುದಿ ಮುಟ್ಟಿಸಿದರೆ ನಿಂತೀತೇ? ಒಂದರ ಮೇಲೊಂದು ಹಾಯಿಸಿ ಹೊಸೆಯಬೇಕು. ಮರಕ್ಕೂ ಹಾಗೆಯೇ ಓರೆಯಾಗಿ ಸೀಳಿ ಹಾಯಿಸಬೇಕು. ಒಂದು ಅಂಗುಲ ದಪ್ಪದ ಹಲಗೆಗೆ ಹತ್ತು-ಹನ್ನೆರಡು ಅಂಗುಲ ಉದ್ದದ ಓರೆ ಕೊಟ್ಟರೆ ಇಡೀ ಹಲಗೆಯ ಬಲದಲ್ಲಿ ಬಹುಪಾಲು ಉಳಿಯುತ್ತದೆ. ಮರ ಹೆಚ್ಚು ಖರ್ಚಾಗುತ್ತದೆಂದು ಕಾರಖಾನೆಗಳಲ್ಲಿ ಎರಡು ಕೈಗಳ ಬೆರಳು ಹೆಣೆದಂತೆ ಹಲ್ಲು ಕೊರೆದು ಕೂಡಿಸುತ್ತಾರೆ. ಯಾವ ಬಗೆಯಾದರೂ ಒಂದು ಹಲಗೆಯ ಸಂದಿನ ನೇರಕ್ಕೆ ಮತ್ತೊಂದರ ಸಂದು ಬರಕೂಡದು.

ಅಂಟಿನಲ್ಲಿಯೂ ಭೇದವಿದೆ. ಅಗ್ಗದ ಯೂರಿಯಾ ಅಂಟು ಬಿಸಿ ಹಬೆಗೆ ಸೋಲುತ್ತದೆ. ರಿಸಾರ್ಸಿನಾಲ್ ಅಂಟು ತಾಳುತ್ತದೆ. ನಮ್ಮ ಅಡಿಗೆಮನೆಗಳಲ್ಲಿ ಇಡ್ಲಿಯ ಹಬೆ ಆರುವುದೆಂದಿಗೆ?

ಹಳೆಯ ಬಡಗಿಗಳು ಅಂಟನ್ನು ನಂಬದೆ ಸಂದನ್ನು ಕಂಬದ ನೆತ್ತಿಯ ಮೇಲೆಯೇ ತರುತ್ತಿದ್ದರು. ಆ ಜಾಣತನ ನಮಗೆ ಈಗಲೂ ಬೇಕು. ಈ ರಾತ್ರಿಯೇ ಬ್ಯಾಟರಿ ಹಿಡಿದು ಅಟ್ಟದ ಅಡಿಯನ್ನು ನೋಡಿರಿ. ಕೆಳಗಿನ ಹಲಗೆಯ ಸಂದು ನಡುವೆ ಇದ್ದರೆ, ಅಥವಾ ಸಂದು ಬಾಯಿ ಬಿಟ್ಟಿದ್ದರೆ, ಮೂಟೆಗಳನ್ನು ಇಳಿಸಿರಿ, ಮೇಲೆ ಮಲಗಬೇಡಿರಿ. ಮಾಲಕರನ್ನು ಕರೆದು ತೋರಿಸಿ, ಗಟ್ಟಿ ನೆಲದಿಂದ ಸಂದಿನ ಅಡಿಗೆ ಕಂಬ ಕೊಡಿಸಿರಿ, ಬಲ್ಲ ಬಡಗಿಯಿಂದ ತೊಲೆಯನ್ನು ಪರೀಕ್ಷೆ ಮಾಡಿಸಿರಿ. ಅವರು ಒಪ್ಪದಿದ್ದರೆ ಹೋಟೆಲಿನ ಹೆಸರು, ಮಲಗುವವರ ಸಂಖ್ಯೆ ಬರೆದು ಸಂಘಕ್ಕೆ ತಂದುಕೊಡಿರಿ. ನಾವೇ ಬರುತ್ತೇವೆ.